ಗುಂಡಿಗೆಯ ರಕ್ಷಣೆಯೂ ನಿತ್ಯದ ಗುಳಿಗೆಯೂ

ಪ್ರಮೇಹವು ಇಪ್ಪತ್ತು ಬಗೆಯದೆಂದು ಚರಕ ಸುಶ್ರುತರಿಬ್ಬರೂ ಎಣಿಸಿದ್ದಾರೆ. ಆ ಇಪ್ಪತ್ತರಲ್ಲಿ ಒಂದಕ್ಕೆ ಕಬ್ಬಿನ ಹೆಸರೇ ಉಂಟು. ರೋಗಿಯ ಮೂತ್ರವು ಕಬ್ಬಿನ ಹಾಲಿನಂತೆ ಸವಿಯಾಗುವದೆಂದೂ ಅದಕ್ಕೆ ಇರುವೆಗಳು ಮುತ್ತುವವೆಂದೂ ನಮ್ಮ ಪೂರ್ವಿಕರು ಕಂಡುಕೊಂಡಿದ್ದರು. ರೋಗದ ಕಾರಣಗಳನ್ನು ಹೇಳುವಲ್ಲಿ ಚರಕಸಂಹಿತೆಯು ಕುಳಿತಲ್ಲಿಯೇ ಕುಳಿತಿರುವ ಸುಖ, ನಿದ್ದೆಯ ಸುಖ, ಮೊಸರು, ಹೊಸ ಧಾನ್ಯ ಇವುಗಳ ಸಾಲಿನಲ್ಲಿ ಬೆಲ್ಲದಿಂದ ಮಾಡಿದ ಪದಾರ್ಥಗಳನ್ನೂ ಸೇರಿಸುತ್ತದೆ. ಮೂವತ್ತು ವರ್ಷಗಳ ಮೇಲ್ಪಟ್ಟು ಮಕ್ಕಳಿಗೆ ಸಂಸ್ಕೃತ ಪಾಠ ಹೇಳಿದ ನಾವು ಈ ಮಾತನ್ನು ಎಷ್ಟೋ ಸಲ ಓದಿದ್ದುಂಟು. ಆದರೆ ನಿವೃತ್ತರಾದ ತರುವಾಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿಯ ಬಂಧುಬಳಗದ ಮನೆಗಳಿಗೆ ಬಿಡುವಾಗಿ ಹೋಗಿ ಬರಹತ್ತಿದ ಮೇಲೆ, ಆ ಗ್ರಂಥವಾಕ್ಯವು ನಮ್ಮ ಸೀಮೆಯನ್ನು ಕಂಡೇ ಬರೆದುದೋ ಏನೋ ಎಂದೆನಿಸಹತ್ತಿದೆ.

ನಮ್ಮದು ಕಬ್ಬಿನ ಸೀಮೆ. ಉಗಾರದ ಸಕ್ಕರೆ ಕಾರಖಾನೆಯು ೧೯೩೯ರಲ್ಲಿ ಸ್ಥಾಪಿತವಾಯಿತು. ಆ ಬಳಿಕ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಗುಂಟ ಒಂದರ ಹಿಂದೊಂದು ಕಾರಖಾನೆಗಳು ಎದ್ದವು. ಜೋಳದ ಹೊಲಗಳು ಕಬ್ಬಿನ ಹೊಲಗಳಾದವು. ಹಣವು ಬಂದಿತು, ಮೋಟಾರ ಸೈಕಲ್ಲು ಬಂದಿತು, ಕುಳಿತಲ್ಲಿಯ ಸುಖವೂ ಬಂದಿತು. ಮುಂಜಾನೆ ಎದ್ದು ನಾಲ್ಕು ಮೈಲು ನಡೆದು ಹೊಲಕ್ಕೆ ಹೋಗುತ್ತಿದ್ದ ಒಕ್ಕಲಿಗನು ಇಂದು ಬಾಂದಿನ ಮೇಲೆ ಗಾಡಿ ನಿಲ್ಲಿಸಿ, ಮೋಟಾರಿನ ಗುಂಡಿ ಒತ್ತಿ, ಚಹದ ಅಂಗಡಿಗೆ ಹೊರಳುತ್ತಾನೆ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು ದೇಶದ ಎಲ್ಲ ರಾಜ್ಯಗಳಲ್ಲಿ ನಡೆಯಿಸಿ ೨೦೨೩ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ಪ್ರೌಢರಲ್ಲಿ ನೂರಕ್ಕೆ ೧೧.೪ ಮಂದಿಗೆ ಸಕ್ಕರೆ ಬೇನೆಯೂ, ೩೫.೫ ಮಂದಿಗೆ ರಕ್ತದ ಒತ್ತಡವೂ ಇವೆ. ಇವೆರಡೂ ಒಬ್ಬನಲ್ಲಿಯೇ ಕೂಡಿ ವಾಸಿಸುವದು ತೀರ ಸಾಮಾನ್ಯ. ವಾಚಕರು ತಮ್ಮ ಓಣಿಯಲ್ಲಿಯೇ ಎಣಿಸಿ ನೋಡಬಹುದು.

ಸಕ್ಕರೆ ಬೇನೆಯನ್ನು ಪೂರ್ವಿಕರು ಅರಿತಿದ್ದರೂ ರಕ್ತದ ಒತ್ತಡವನ್ನು ಅಳೆದಿರಲಿಲ್ಲ. ಅಳೆಯುವ ಸಾಧನವೇ ಇರಲಿಲ್ಲವಷ್ಟೆ. ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿ ಒತ್ತಡವನ್ನು ಅಳೆಯುವ ಉಪಾಯವನ್ನು ಇಟಲಿಯ ರೀವಾ ರೊಚ್ಚಿ ಎಂಬ ವೈದ್ಯರು ೧೮೯೬ರಲ್ಲಿ ಹೇಳಿಕೊಟ್ಟರು. ನಾಡಿಯ ಸಪ್ಪಳವನ್ನು ಕೇಳಿ ಮೇಲಿನ ಮತ್ತು ಕೆಳಗಿನ ಎರಡೂ ಅಂಕಿಗಳನ್ನು ಗೊತ್ತುಮಾಡುವ ರೀತಿಯನ್ನು ರಶಿಯದ ಕೊರೊಟ್ಕೋಫ್ ಎಂಬವರು ೧೯೦೫ರಲ್ಲಿ ತೋರಿಸಿದರು. ಈ ಒತ್ತಡವು ಗುಂಡಿಗೆಗೆ ಏನು ಮಾಡುತ್ತದೆಂಬದನ್ನು ನಮ್ಮ ಭಾಗದ ಒಕ್ಕಲಿಗರಿಗೆ ತಿಳಿಯಹೇಳುವದು ಸುಲಭ. ಹೊಳೆಯಿಂದ ಮೇಲಿನ ಹೊಲಕ್ಕೆ ನೀರೆತ್ತುವ ಮೋಟಾರಿಗೆ ಕೊಳವೆಯು ಅಗಲವಾಗಿದ್ದರೆ ದಣಿವಿಲ್ಲ. ಕೊಳವೆಯೊಳಗೆ ಸುಣ್ಣ ಕಟ್ಟಿ ದಾರಿಯು ಕಿರಿದಾದರೆ ಅದೇ ನೀರಿಗೆ ಮೋಟಾರು ಹೆಚ್ಚು ಜಗ್ಗಬೇಕು. ಬಹಳ ದಿನ ಹಾಗೆ ಜಗ್ಗಿದರೆ ಸುಟ್ಟುಹೋಗಬೇಕು. ಹೃದಯವು ಕೂಡಲೆ ಸುಡುವದಿಲ್ಲ. ಮೊದಲು ಅದರ ಎಡಗೋಣೆಯ ಗೋಡೆಯು ತಾಲೀಮಿನಲ್ಲಿ ಸಾಮು ಮಾಡಿದ ಪೈಲವಾನನ ತೋಳಿನಂತೆ ದಪ್ಪವಾಗುತ್ತದೆ. ಪೈಲವಾನನ ತೋಳು ದಪ್ಪವಾದರೆ ಭೂಷಣ. ಹೃದಯದ ಗೋಡೆಯು ದಪ್ಪವಾದರೆ ಅದು ಸಡಿಲವಾಗಿ ರಕ್ತ ತುಂಬಿಕೊಳ್ಳುವ ಗುಣವನ್ನೇ ಕಳೆದುಕೊಳ್ಳುತ್ತದೆ. ಕೆಲವರಲ್ಲಿ ಮುಂದೆ ಆ ಗೋಡೆಯು ಸೋತು ಹಿಗ್ಗಿ ತೆಳುವಾಗುತ್ತದೆ.

ಸಕ್ಕರೆ ಬೇನೆಯ ದಾರಿ ಬೇರೆ. ಅದು ಹೃದಯಕ್ಕೆ ರಕ್ತ ಕೊಡುವ ದೊಡ್ಡ ನಾಳಗಳಲ್ಲಿ ಜಿಡ್ಡು ಕಟ್ಟುವದನ್ನು ಹೆಚ್ಚಿಸುವದಲ್ಲದೆ, ಕೂದಲಿಗಿಂತ ಸಣ್ಣವಾದ ನಾಳಗಳನ್ನೂ ಸ್ನಾಯುವಿನ ಎಳೆಗಳನ್ನೂ ನೇರವಾಗಿ ಕೆಡಿಸುತ್ತದೆ. ೧೯೭೨ರಲ್ಲಿ ಅಮೇರಿಕೆಯ ರೂಬ್ಲರ್ ಮತ್ತು ಅವರ ಸಂಗಡಿಗರು, ದೊಡ್ಡ ನಾಳಗಳು ಚೆನ್ನಾಗಿದ್ದರೂ ಹೃದಯ ಸೋತು ತೀರಿಕೊಂಡ ನಾಲ್ವರು ಮಧುಮೇಹಿಗಳ ವೃತ್ತಾಂತವನ್ನು ಪ್ರಕಟಿಸಿದರು. ಎರಡು ವರ್ಷಗಳ ಮೇಲೆ, ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು ೧೯೪೮ರಿಂದ ಬಿಡದೆ ನೋಡುತ್ತ ಬಂದಿದ್ದ ವೈದ್ಯರು ಇನ್ನೊಂದು ಲೆಕ್ಕ ಕೊಟ್ಟರು. ಮಧುಮೇಹವಿರುವ ಗಂಡಸರಿಗೆ ಹೃದಯ ಸೋಲುವ ಭಯವು ಇತರರ ಎರಡು ಪಟ್ಟಿಗೂ ಮಿಕ್ಕಿತ್ತು. ಹೆಂಗಸರಿಗೆ ಐದು ಪಟ್ಟು. ಈ ಕಡೆಯ ಅಂಕಿಯನ್ನು ಗೃಹಸ್ಥರು ಲಕ್ಷ್ಯದಲ್ಲಿಡಬೇಕು. ಗಂಡಸರ ಎದೆನೋವಿಗೆ ಗಾಡಿ ಮಾಡಿ ಮಿರಜಿಗೆ ಓಡುವ ನಮ್ಮ ಮನೆಗಳಲ್ಲಿ, ಹೆಂಗಸರ ಏದುಸಿರಿಗೆ 'ವಯಸ್ಸಾತು' ಎಂಬ ಒಂದೇ ಮಾತಿನಲ್ಲಿ ಉತ್ತರ ಸಿಗುತ್ತದೆ.

ಇದರ ಕಪಟವು ಇರುವದು ಮೌನದಲ್ಲಿ. ಮಧುಮೇಹವು ನರಗಳನ್ನೂ ಮಂದಗೊಳಿಸುವದರಿಂದ ಹೃದಯಾಘಾತವಾದರೂ ಎಷ್ಟೋ ಮಂದಿಗೆ ಎದೆ ನೋಯುವದಿಲ್ಲ. ಬರಿಯ ಬೆವರು, ಸಂಕಟ, ದಣಿವು. ಹೃದಯವು ಸೋಲಹತ್ತಿದುದರ ಗುರುತುಗಳೂ ಸೌಮ್ಯವಾಗಿಯೇ ಬರುತ್ತವೆ. ಒಂದು ದಿಂಬಿನ ಮೇಲೆ ಮಲಗುತ್ತಿದ್ದವರಿಗೆ ಎರಡು ದಿಂಬು ಬೇಕಾಗುವದು, ನಡುರಾತ್ರಿ ಉಸಿರು ಕಟ್ಟಿದಂತಾಗಿ ಎದ್ದು ಕೂಡುವದು, ಸಂಜೆಗೆ ಪಾದ ಬಾತು ಚಪ್ಪಲಿ ಬಿಗಿಯುವದು, ಎರಡು ಮೂರು ದಿನಗಳಲ್ಲಿ ಎರಡು ಕಿಲೋ ತೂಕ ಏರುವದು. ಮೊದಲಿನದನ್ನು ಜನರು ದಮ್ಮು ಎನ್ನುತ್ತಾರೆ, ಕಡೆಯದನ್ನು ಮೈ ಬಂದಿತೆನ್ನುತ್ತಾರೆ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ರಾಯಬಾಗದ ಕಡೆಯ ಒಕ್ಕಲಿಗ, ಐವತ್ತು ದಾಟಿದವನು. ಎರಡೂ ಬೇನೆಗಳುಳ್ಳವನು. ಒಂದು ಸುಗ್ಗಿಯಲ್ಲಿ ಭೆಟ್ಟಿಯಾದಾಗ ಔಷಧದ ಮಾತು ತೆಗೆದೆವು. "ಗುಳಿಗಿ ಬಿಟ್ಟೇನ್ರಿ ಗುರುಗಳ, ಬಿಪಿ ನಾರ್ಮಲ್ ಬಂದೈತಿ. ಸುಮ್ಮ ಯಾಕ ತಿನ್ನೂದು?" ಎಂದನು. "ಹೊಲಕ್ಕ ನೀರು ಬರಾಕತ್ತೈತಿ ಅಂತ ಮೋಟಾರ ಬಂದ್ ಮಾಡತೀಯೇನಪಾ?" ಎಂದು ಕೇಳಿದೆವು. ನಕ್ಕನು, ಗುಳಿಗೆಯನ್ನು ಮಾತ್ರ ಹಿಡಿಯಲಿಲ್ಲ. ಮುಂದಿನ ಮಳೆಗಾಲಕ್ಕೆ ಮಾಳಿಗೆ ಏರುವಷ್ಟರಲ್ಲಿ ನಡುವೆ ನಿಲ್ಲಬೇಕಾಯಿತು. ಮೂರು ತಿಂಗಳು ದಮ್ಮಿನ ಔಷಧ ತೆಗೆದುಕೊಂಡನು. ಕಡೆಗೆ ಮಿರಜಿನಲ್ಲಿ ಹೃದಯದ ಎಕೋ ಚಿತ್ರ ತೆಗೆದಾಗ, ಹೃದಯವು ಒಂದೊಂದು ಬಡಿತಕ್ಕೆ ಹೊರಹಾಕಬೇಕಾದ ರಕ್ತದ ಅರ್ಧದಷ್ಟನ್ನು ಮಾತ್ರ ಹೊರಹಾಕುತ್ತಿರುವದು ಗೊತ್ತಾಯಿತು. ಇವನು ಅಜ್ಞಾನಿಯಲ್ಲ, ಸಹಕಾರಿ ಸಂಘದ ಲೆಕ್ಕಪತ್ರ ನೋಡುವವನು. ಗುಳಿಗೆಯಿಂದ ಬಂದ ಒಳ್ಳೆಯ ಅಂಕಿಯನ್ನು ರೋಗ ಹೋದುದರ ಗುರುತೆಂದು ತಿಳಿದನು, ಅಷ್ಟೇ. ಜ್ವರದ ಗುಳಿಗೆಯ ನ್ಯಾಯವು ಒತ್ತಡದ ಗುಳಿಗೆಗೆ ಸಲ್ಲುವದಿಲ್ಲ. ಗುಳಿಗೆಯು ಒಡಲಲ್ಲಿರುವವರೆಗೆ ಒತ್ತಡವು ಇಳಿದಿರುತ್ತದೆ. ಬಿಟ್ಟರೆ ಕೆಲವೇ ದಿನಗಳಲ್ಲಿ ಹಿಂದಿನಷ್ಟೇ ಏರುತ್ತದೆ, ಮತ್ತು ಏರಿದುದು ರೋಗಿಗೆ ತಿಳಿಯುವದಿಲ್ಲ.

ನಿತ್ಯದ ಗುಳಿಗೆಯಿಂದ ಆಗುವ ಲಾಭವೇನೆಂದು ಕೇಳುವವರಿಗೆ ೧೯೯೮ರಲ್ಲಿ ಇಂಗ್ಲಂಡದಿಂದ ಪ್ರಕಟವಾದ ಒಂದು ದೊಡ್ಡ ಪ್ರಯೋಗದ ಫಲವನ್ನು ಹೇಳುತ್ತೇವೆ. ಸಕ್ಕರೆ ಬೇನೆ, ಒತ್ತಡ ಎರಡೂ ಇದ್ದ ೧,೧೪೮ ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಒತ್ತಡವನ್ನು ಬಿಗಿಯಾಗಿಯೂ ಇನ್ನೊಂದರದನ್ನು ಸಡಿಲಾಗಿಯೂ ಹಿಡಿದರು. ಎರಡು ಗುಂಪುಗಳ ನಡುವಿನ ಅಂತರವು ಸರಾಸರಿಯಲ್ಲಿ ಮೇಲಿನ ಅಂಕಿಗೆ ಹತ್ತು, ಕೆಳಗಿನದಕ್ಕೆ ಐದು ಮಾತ್ರ. ಅಷ್ಟರಿಂದಲೇ ಬಿಗಿಯಾದ ಗುಂಪಿನಲ್ಲಿ ಹೃದಯ ಸೋಲುವದು ನೂರಕ್ಕೆ ೫೬ರಷ್ಟೂ, ಲಕ್ವ ಹೊಡೆಯುವದು ೪೪ರಷ್ಟೂ ಕಡಿಮೆಯಾದವು. ಇಂದಿನ ವೈದ್ಯರು ಮಧುಮೇಹಿಗಳ ಒತ್ತಡವು ಸಾಮಾನ್ಯವಾಗಿ ೧೩೦ಕ್ಕೆ ೮೦ರ ಒಳಗಿರಬೇಕೆನ್ನುತ್ತಾರೆ. ತೀರ ವೃದ್ಧರಲ್ಲಿಯೂ ನಿಂತಾಗ ತಲೆ ತಿರುಗುವವರಲ್ಲಿಯೂ ಈ ಅಂಕಿಯನ್ನು ಸಡಿಲಿಸುವದುಂಟು.

ಔಷಧಗಳ ಚರಿತ್ರೆಯನ್ನು ನೋಡಿದರೆ ನಮ್ಮ ದೇಶದ ಪಾಲು ಸಣ್ಣದಲ್ಲ. ಸಹ್ಯಾದ್ರಿಯ ಕಾಡುಗಳಲ್ಲಿಯೂ ಸಿಗುವ ಸರ್ಪಗಂಧಿಯ ಬೇರಿನಿಂದ ರಕ್ತದ ಒತ್ತಡವು ಇಳಿಯುವದೆಂದು ಕಲಕತ್ತೆಯ ವೈದ್ಯರು ೧೯೩೧ರಲ್ಲಿ ಬರೆದರು. ಮುಂಬಯಿಯ ಡಾಕ್ತರ ರುಸ್ತುಂ ಜಾಲ ವಕೀಲರು ತಮ್ಮ ರೋಗಿಗಳ ಮೇಲಿನ ಅನುಭವವನ್ನು ೧೯೪೯ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಪಶ್ಚಿಮದವರ ಕಣ್ಣು ತೆರೆಯಿತು. ೧೯೫೨ರಲ್ಲಿ ಸ್ವಿಟ್ಝರ್ಲಂಡದ ಸೀಬಾ ಕಂಪನಿಯವರು ಆ ಬೇರಿನಿಂದ ರಿಸರ್ಪೀನ್ ಎಂಬ ಸಾರವನ್ನು ಬೇರ್ಪಡಿಸಿದರು. ಅದು ಮನಸ್ಸಿಗೆ ಖಿನ್ನತೆ ತರುವದುಂಟೆಂದು ಕಂಡುಬಂದುದರಿಂದಲೂ, ಅದಕ್ಕಿಂತ ಹಿತವಾದ ಔಷಧಗಳು ಬಂದುದರಿಂದಲೂ ಇಂದು ಅದರ ಬಳಕೆಯು ಬಹಳ ಕಡಿಮೆ. ಗಿಡದಿಂದ ಬಂದ ಔಷಧಕ್ಕೆ ದೋಷವೇ ಇಲ್ಲವೆಂದು ಸಂತೆಯಲ್ಲಿ ಸಾರುವವರಿಗೆ ಸರ್ಪಗಂಧಿಯೇ ಉತ್ತರ. ಇನ್ನು ಸರ್ಪದ ಹೆಸರಿನಿಂದ ಸರ್ಪಕ್ಕೇ ಬಂದರೆ, ಬ್ರಾಝಿಲ್ ದೇಶದ ಜರಾರಾಕಾ ಎಂಬ ಮಂಡಲದ ಹಾವಿನ ವಿಷವನ್ನು ಪರೀಕ್ಷಿಸುತ್ತ ಹೋದ ದಾರಿಯಲ್ಲಿಯೇ ಕ್ಯಾಪ್ಟೊಪ್ರಿಲ್ ಎಂಬ ಗುಳಿಗೆಯು ಹುಟ್ಟಿ ೧೯೮೧ರಲ್ಲಿ ಬಳಕೆಗೆ ಬಂದಿತು. ಅದರ ತಮ್ಮನಾದ ಎನಲಾಪ್ರಿಲ್ ಗುಳಿಗೆಯನ್ನು ಹೃದಯವು ತೀರ ಸೋತ ೨೫೩ ಮಂದಿಯ ಮೇಲೆ ಉತ್ತರ ಯುರೋಪಿನಲ್ಲಿ ಪರೀಕ್ಷಿಸಿದರು. ೧೯೮೭ರಲ್ಲಿ ಬಂದ ಫಲವಿದು: ಬರಿಯ ಹಿಟ್ಟಿನ ಗುಳಿಗೆ ನುಂಗಿದವರಲ್ಲಿ ಆರು ತಿಂಗಳಲ್ಲಿ ನೂರಕ್ಕೆ ೪೪ ಮಂದಿ ತೀರಿಕೊಂಡರೆ, ಎನಲಾಪ್ರಿಲ್ ನುಂಗಿದವರಲ್ಲಿ ೨೬.

ಈ ಔಷಧಗಳ ಹೆಸರುಗಳು ನಾಲಿಗೆಗೆ ತೊಡಕೆಂದು ಜನರು ಅವುಗಳತ್ತ ನೋಡುವದೇ ಇಲ್ಲ. ಬಿಳಿ ಗುಳಿಗೆ, ಗುಲಾಬಿ ಗುಳಿಗೆ ಎಂದು ಗುರುತಿಡುತ್ತಾರೆ. ವ್ಯಾಕರಣ ಕಲಿಸಿದ ನಮಗೆ ಇಲ್ಲಿ ಒಂದು ಸೌಲಭ್ಯವು ಕಂಡಿತು. ಪಾಣಿನಿಯ ಪ್ರತ್ಯಯಗಳಂತೆ ಈ ಹೆಸರುಗಳ ಕಡೆಯಲ್ಲಿಯೂ ಪ್ರತ್ಯಯಗಳಿವೆ, ಆ ಪ್ರತ್ಯಯವೇ ಔಷಧದ ಕುಲವನ್ನು ಹೇಳುತ್ತದೆ. 'ಪ್ರಿಲ್' ಎಂದು ಮುಗಿಯುವ ಎನಲಾಪ್ರಿಲ್, ರಾಮಿಪ್ರಿಲ್. 'ಸಾರ್ಟಾನ್' ಎಂದು ಮುಗಿಯುವ ಟೆಲ್ಮಿಸಾರ್ಟಾನ್, ಲೊಸಾರ್ಟಾನ್. ಇವೆರಡು ಕುಲಗಳೂ ನಾಳಗಳನ್ನು ಬಿಗಿಯಿಸುವ ಒಂದೇ ರಸವನ್ನು ಬೇರೆ ಬೇರೆ ಕಡೆಯಿಂದ ತಡೆಯುವವು. 'ಲಾಲ್' ಎಂದು ಮುಗಿಯುವ ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಕಾರ್ವೆಡಿಲಾಲ್ ಹೃದಯದ ಓಟವನ್ನು ನಿಧಾನಗೊಳಿಸಿ ವಿಶ್ರಾಂತಿ ಕೊಡುವವು. 'ಡಿಪೀನ್' ಎಂಬವು ನಾಳಗಳನ್ನು ಅಗಲಿಸಿ ಒತ್ತಡವನ್ನು ಇಳಿಸುವವು; 'ಸ್ಟಾಟಿನ್' ಎಂಬವು ರಕ್ತದ ಜಿಡ್ಡನ್ನು ಕಡಿಮೆ ಮಾಡುವವು. 'ಗ್ಲಿಫ್ಲೋಝಿನ್' ಎಂಬುದರ ಮಾತನ್ನು ಮುಂದೆ ವಿಸ್ತಾರವಾಗಿ ಹೇಳುವದಿದೆ.

ಈ ಪ್ರತ್ಯಯಜ್ಞಾನವು ಬರಿಯ ವಿನೋದವಲ್ಲ. ನಮ್ಮದು ಗಡಿಯ ಸೀಮೆ. ಕಾಗವಾಡ ಅಥಣಿಯವರು ಮಿರಜಿಗೆ ಹೋಗುತ್ತಾರೆ. ಡಾಕ್ತರ ವಾನ್ಲೆಸ್ಸರು ೧೮೯೪ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಬಂದ ರೂಢಿಯಿದು. ನಿಪ್ಪಾಣಿಯವರಿಗೆ ಕೊಲ್ಹಾಪುರವು ಸಮೀಪ, ಚಿಕ್ಕೋಡಿ ರಾಯಬಾಗದವರು ಬೆಳಗಾವಿಯನ್ನೂ ಕಾಣುತ್ತಾರೆ. ಒಬ್ಬರೇ ರೋಗಿ ದೀಪಾವಳಿಗೆ ಮಿರಜಿನ ವೈದ್ಯರನ್ನೂ ಯುಗಾದಿಗೆ ಬೆಳಗಾವಿಯ ವೈದ್ಯರನ್ನೂ ನೋಡುವದು, ನಡುವೆ ಊರ ದವಾಖಾನೆಯ ಗುಳಿಗೆಯನ್ನೂ ತರುವದು, ಹಳೆಯ ಚೀಟಿಯನ್ನು ಯಾರಿಗೂ ತೋರಿಸದೆ ಇರುವದು ಇಲ್ಲಿ ನಿತ್ಯದ ಮಾತು. ಒಂದೇ ಔಷಧವನ್ನು ಹತ್ತು ಕಂಪನಿಗಳು ಹತ್ತು ಹೆಸರಿನಿಂದ ಮಾರುತ್ತವೆ. ಹೀಗಾಗಿ ಮೂರು ಬೇರೆ ಬಣ್ಣದ ಗುಳಿಗೆಗಳಲ್ಲಿ ಎರಡು ಒಂದೇ ಔಷಧವಾಗಿರುವದೂ, ಪ್ರಿಲ್ ಮತ್ತು ಸಾರ್ಟಾನ್ ಎರಡನ್ನೂ ಕೂಡಿ ನುಂಗುವದೂ ಸಾಧ್ಯ. ಈ ಎರಡನ್ನು ಕೂಡಿಸಿದರೆ ಲಾಭವು ಹೆಚ್ಚದೆ ಮೂತ್ರಪಿಂಡಕ್ಕೆ ತೊಂದರೆಯೇ ಹೆಚ್ಚುವದೆಂದು ೨೦೦೮ರಲ್ಲಿ ಪ್ರಕಟವಾದ ಒಂದು ಭಾರಿ ಪ್ರಯೋಗದಿಂದ ಸಿದ್ಧವಾಗಿದೆ. ಆದುದರಿಂದ ಮನೆಯಲ್ಲಿ ಓದು ಬಲ್ಲ ಹುಡುಗನೋ ಹುಡುಗಿಯೋ ಗುಳಿಗೆಯ ಪಟ್ಟಿಯ ಮೇಲಿರುವ ದೊಡ್ಡ ಅಕ್ಷರದ ಕಂಪನಿಯ ಹೆಸರನ್ನು ಬಿಟ್ಟು, ಅದರ ಕೆಳಗಿರುವ ಸಣ್ಣ ಅಕ್ಷರದ ಔಷಧದ ಹೆಸರನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಆ ವಹಿಯು ಹೋದಲ್ಲೆಲ್ಲ ಹೋಗಬೇಕು. ಎರಡು ಹೆಸರುಗಳ ಪ್ರತ್ಯಯವು ಒಂದೇ ಎಂದು ಕಂಡರೆ ತಾವಾಗಿಯೇ ಯಾವದನ್ನೂ ಬಿಡದೆ ವೈದ್ಯರನ್ನು ಕೇಳತಕ್ಕದ್ದು.

ಈಗ ಗ್ಲಿಫ್ಲೋಝಿನ್. ೧೮೩೫ರಲ್ಲಿ ಯುರೋಪಿನ ರಸಾಯನಶಾಸ್ತ್ರಜ್ಞರು ಸೇಬಿನ ಗಿಡದ ಬೇರಿನ ತೊಗಟೆಯಿಂದ ಫ್ಲೋರಿಝಿನ್ ಎಂಬ ಕಹಿಯಾದ ಪದಾರ್ಥವನ್ನು ತೆಗೆದರು. ಕಹಿಯಾದುದರಿಂದ ಜ್ವರಕ್ಕೆ ಬಂದೀತೆಂಬ ಎಣಿಕೆ. ೧೮೮೬ರ ಸುಮಾರಿಗೆ ಜರ್ಮನಿಯ ಫಾನ್ ಮೇರಿಂಗ್ ಎಂಬವರು ಇದನ್ನು ನಾಯಿಗಳಿಗೆ ಕೊಟ್ಟು ನೋಡಲು ಅವುಗಳ ಮೂತ್ರದಲ್ಲಿ ಸಕ್ಕರೆಯು ಹರಿಯಹತ್ತಿತು. ಮೂತ್ರಪಿಂಡಗಳು ರಕ್ತದಿಂದ ಸೋಸಿದ ಸಕ್ಕರೆಯನ್ನು ಹಿಂದಕ್ಕೆ ಹೀರಿಕೊಳ್ಳುವ ಬಾಗಿಲನ್ನು ಈ ಪದಾರ್ಥವು ಮುಚ್ಚುತ್ತದೆ. ಒಂದು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಇದನ್ನೇ ಮಾದರಿಯಾಗಿಟ್ಟುಕೊಂಡು ಡಾಪಾಗ್ಲಿಫ್ಲೋಝಿನ್, ಎಂಪಾಗ್ಲಿಫ್ಲೋಝಿನ್ ಮುಂತಾದ ಗುಳಿಗೆಗಳನ್ನು ರಚಿಸಿದರು. ಮೂತ್ರದಲ್ಲಿ ಮಧುವು ಹರಿಯುವದೇ ರೋಗವೆಂದು ಹೆಸರಿಟ್ಟ ಚರಕ ಸುಶ್ರುತರು, ಮೂತ್ರದಲ್ಲಿ ಮಧುವನ್ನು ಹರಿಯಿಸುವದೇ ಆ ರೋಗಕ್ಕೆ ಮದ್ದಾಯಿತೆಂದು ಕೇಳಿದ್ದರೆ ಏನೆನ್ನುತ್ತಿದ್ದರೋ!

ಇದಕ್ಕಿಂತ ಆಶ್ಚರ್ಯದ ಮಾತು ಮುಂದಿದೆ. ರೊಸಿಗ್ಲಿಟಾಝೋನ್ ಎಂಬ ಸಕ್ಕರೆಯ ಗುಳಿಗೆಯು ರಕ್ತದ ಸಕ್ಕರೆಯನ್ನು ಚೆನ್ನಾಗಿ ಇಳಿಸುತ್ತಿದ್ದರೂ ಹೃದಯಕ್ಕೆ ಕೆಡುಕು ಮಾಡುವದೆಂಬ ಸಂಶಯವು ೨೦೦೭ರಲ್ಲಿ ಎದ್ದಿತು. ನಮ್ಮ ದೇಶದಲ್ಲಿ ೨೦೧೦ರಲ್ಲಿ ಅದನ್ನು ನಿಷೇಧಿಸಿದರು. ಈ ಗದ್ದಲದ ಫಲವಾಗಿ, ಸಕ್ಕರೆ ಬೇನೆಯ ಹೊಸ ಔಷಧವೆಲ್ಲವೂ ಹೃದಯಕ್ಕೆ ಅಪಾಯಕರವಲ್ಲವೆಂದು ಸಿದ್ಧಮಾಡಬೇಕೆಂದು ಅಮೇರಿಕೆಯ ಔಷಧ ಅಧಿಕಾರಿಗಳು ೨೦೦೮ರಲ್ಲಿ ನಿಯಮ ಮಾಡಿದರು. ಎಂಪಾಗ್ಲಿಫ್ಲೋಝಿನ್ ಮಾಡಿದ ಕಂಪನಿಯು ಆ ನಿಯಮದಂತೆ, ಹೃದ್ರೋಗವೂ ಇದ್ದ ೭,೦೨೦ ಮಧುಮೇಹಿಗಳನ್ನು ಆರಿಸಿ ಪರೀಕ್ಷೆ ನಡೆಯಿಸಿತು. ಅಪಾಯವಿಲ್ಲವೆಂದು ತೋರಿಸಿದರೆ ಸಾಕೆಂದು ಹೊರಟವರಿಗೆ ೨೦೧೫ರಲ್ಲಿ ಸಿಕ್ಕಿದ ಫಲವೇ ಬೇರೆ: ಗುಳಿಗೆ ನುಂಗಿದವರಲ್ಲಿ ಹೃದಯ ಸೋತು ಆಸ್ಪತ್ರೆ ಸೇರುವದು ನೂರಕ್ಕೆ ೩೫ರಷ್ಟೂ, ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸಾಯುವದು ೩೮ರಷ್ಟೂ ಕಡಿಮೆಯಾಗಿದ್ದವು. ೨೦೧೯ರಲ್ಲಿ ಡಾಪಾಗ್ಲಿಫ್ಲೋಝಿನ್ ಗುಳಿಗೆಯನ್ನು ಹೃದಯ ಸೋತ ೪,೭೪೪ ಮಂದಿಗೆ ಪರೀಕ್ಷಿಸಿದಾಗ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಸಕ್ಕರೆ ಬೇನೆಯೇ ಇರಲಿಲ್ಲ. ಆದರೂ ಗುಣವು ಎರಡೂ ಪಂಗಡಕ್ಕೆ ಸಮನಾಗಿ ಕಂಡಿತು. ಗೋಡೆ ದಪ್ಪವಾಗಿ ಬಿರುಸಾದ ಹೃದಯಕ್ಕೆ, ಅಂದರೆ ಒತ್ತಡ ಮತ್ತು ಸಕ್ಕರೆ ಕೂಡಿದಲ್ಲಿ ಹೆಚ್ಚಾಗಿ ಕಾಣುವ ಬಗೆಗೆ, ಅದುವರೆಗೆ ಒಳ್ಳೆಯ ಔಷಧವೇ ಇದ್ದಿಲ್ಲ. ೨೦೨೧ ಮತ್ತು ೨೦೨೨ರ ಪ್ರಯೋಗಗಳು ಅಂಥವರಿಗೂ ಈ ಗುಳಿಗೆಗಳಿಂದ ಹಿತವುಂಟೆಂದು ತೋರಿಸಿದವು.

ಹೀಗಾಗಿ ಹೃದಯದ ಬಡಿತವೇ ಸೋತವರಿಗೆ ವೈದ್ಯರು ಇಂದು ನಾಲ್ಕು ಕುಲದ ಔಷಧಗಳನ್ನು ಕೂಡಿಸಿ ಕೊಡುತ್ತಾರೆ. ಚತುರಂಗ ಬಲವೆನ್ನಬಹುದು. ಪ್ರಿಲ್ ಅಥವಾ ಸಾರ್ಟಾನ್ ಅಥವಾ ಅದಕ್ಕೂ ಹೊಸದಾದ ಸ್ಯಾಕ್ಯುಬಿಟ್ರಿಲ್ ಕೂಡಿದ ಗುಳಿಗೆಯೊಂದು, ಲಾಲ್ ಒಂದು, ಸ್ಪಿರೊನೊಲ್ಯಾಕ್ಟೋನ್ ಕುಲದ್ದೊಂದು, ಗ್ಲಿಫ್ಲೋಝಿನ್ ಒಂದು. ಸ್ಪಿರೊನೊಲ್ಯಾಕ್ಟೋನ್ ಹಳೆಯ ಅಗ್ಗದ ಗುಳಿಗೆ. ೧೯೯೯ರಲ್ಲಿ ಅದರಿಂದ ತೀವ್ರ ರೋಗಿಗಳ ಮರಣವು ನೂರಕ್ಕೆ ೩೦ರಷ್ಟು ಇಳಿಯುವದೆಂದು ತಿಳಿಯಿತು. ಇವಲ್ಲದೆ ನೀರು ಇಳಿಸುವ ಫ್ಯೂರೊಸೆಮೈಡ್, ಟೊರ್ಸೆಮೈಡ್‌ಗಳು ಬಾವನ್ನೂ ಏದುಸಿರನ್ನೂ ಕೂಡಲೆ ಕಡಿಮೆ ಮಾಡುತ್ತವೆ. ರೋಗಿಗೆ ಇಂದೇ ಹಿತವೆನಿಸುವದು ನೀರಿನ ಗುಳಿಗೆಯಿಂದ. ಆಯುಷ್ಯವನ್ನು ಹೆಚ್ಚಿಸುವವು ಮೇಲಿನ ನಾಲ್ಕು. ಆದರೆ ಹಣ ಸಾಲದಾದಾಗ ಜನರು ಹಿತವೆನಿಸುವದನ್ನು ಇಟ್ಟುಕೊಂಡು ಆ ನಾಲ್ಕನ್ನು ಬಿಡುವದನ್ನು ನಾವು ಬಹಳ ಕಡೆ ಕಂಡಿದ್ದೇವೆ. ಆಯ್ಕೆಯು ತಿರುಗಮುರುಗವಾಯಿತೆಂದು ಯಾರಾದರೂ ಅವರಿಗೆ ಹೇಳಬೇಡವೇ?

ಇವುಗಳ ದೋಷಗಳನ್ನೂ ಮುಚ್ಚಿಡಬಾರದು. ಪ್ರಿಲ್‌ಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಕೆಮ್ಮಿನ ಔಷಧ ಕುಡಿಯುತ್ತ ಕೂಡುವದಕ್ಕಿಂತ ವೈದ್ಯರಿಗೆ ಹೇಳಿದರೆ ಸಾರ್ಟಾನ್‌ಗೆ ಬದಲಿಸುತ್ತಾರೆ. ಪ್ರಿಲ್, ಸಾರ್ಟಾನ್, ಸ್ಪಿರೊನೊಲ್ಯಾಕ್ಟೋನ್ ಇವು ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಕ್ಷಾರವನ್ನು ಏರಿಸುವವು. ಅತಿಯಾಗಿ ಏರಿದರೆ ಹೃದಯವು ನಿಲ್ಲುವ ಭಯವುಂಟು. ಆದ್ದರಿಂದ ಆರಂಭಿಸಿದ ಕೆಲವು ವಾರಗಳಲ್ಲಿಯೂ ಆಮೇಲೆ ಆಗಾಗ್ಗೆಯೂ ರಕ್ತಪರೀಕ್ಷೆಯು ಬೇಕೇ ಬೇಕು. ಇಂಥವರು ಎಳನೀರನ್ನು ಮನಬಂದಂತೆ ಕುಡಿಯುವದೂ, ಅಂಗಡಿಯ 'ಕಡಿಮೆ ಸೋಡಿಯಂ' ಉಪ್ಪನ್ನು ವೈದ್ಯರನ್ನು ಕೇಳದೆ ಬಳಸುವದೂ ತರವಲ್ಲ. ಆ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಇರುವದು ಪೊಟ್ಯಾಸಿಯಮ್ಮೇ. ಲಾಲ್‌ಗಳನ್ನು ಒಮ್ಮೆಲೇ ನಿಲ್ಲಿಸಬಾರದು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆಯು ತೀರ ಇಳಿದಾಗ ಬರುವ ಎದೆಬಡಿತದ ಸೂಚನೆಯನ್ನು ಅವು ಮರೆಮಾಡುವದುಂಟು. ಗ್ಲಿಫ್ಲೋಝಿನ್‌ನಿಂದ ಮೂತ್ರದ್ವಾರದಲ್ಲಿ ತುರಿಕೆ, ಬೂಷ್ಟು 'ಹತ್ತುವದು' ಉಂಟು. ಶುಚಿಯಾಗಿರುವವರಿಗೆ ಅದರ ಭಯವು ಕಡಿಮೆ. ಇನ್ನೊಂದು ಎಚ್ಚರಿಕೆಯು ನಮ್ಮ ಮನೆಗಳಿಗೆ ವಿಶೇಷವಾಗಿ ಸಲ್ಲುವದು: ನಿಟ್ಟುಪವಾಸದ ದಿನ, ವಾಂತಿ ಭೇದಿಯಾದ ದಿನ, ಶಸ್ತ್ರಚಿಕಿತ್ಸೆಗೆ ಮುಂಚಿನ ದಿನಗಳಲ್ಲಿ ಆ ಗುಳಿಗೆಯನ್ನು ನಿಲ್ಲಿಸಬೇಕಾಗುತ್ತದೆ, ಇಲ್ಲವಾದರೆ ರಕ್ತದಲ್ಲಿ ಆಮ್ಲವು ಏರಿ ಪ್ರಾಣಾಪಾಯವಾಗಬಹುದು. ಆಷಾಢ ಏಕಾದಶಿಗೆ ನೀರೂ ಇಲ್ಲದೆ ಇರುವ ಹಿರಿಯರು ಇದನ್ನು ಮುಂಚೆಯೇ ತಮ್ಮ ವೈದ್ಯರೊಡನೆ ಮಾತಾಡಿಕೊಳ್ಳಲಿ.

ಸಕ್ಕರೆಯ ಹಳೆಯ ಗುಳಿಗೆಗಳಲ್ಲಿ ಮೆಟ್‌ಫಾರ್ಮಿನ್ ಮೂತ್ರಪಿಂಡವು ಸರಿಯಿದ್ದವರಿಗೆ ಇಂದಿಗೂ ಒಳ್ಳೆಯದೇ. ಪಯೊಗ್ಲಿಟಾಝೋನ್ ಮಾತ್ರ ಮೈಯಲ್ಲಿ ನೀರು ನಿಲ್ಲಿಸುವದರಿಂದ ಹೃದಯ ಸೋತವರಿಗೆ ವರ್ಜ್ಯ. ಆದರೆ ನಮ್ಮ ಭಾಗದಲ್ಲಿ ಹೃದಯಕ್ಕೆ ಹೆಚ್ಚು ಕೆಡುಕು ಮಾಡುತ್ತಿರುವದು ಯಾವ ವೈದ್ಯರ ಚೀಟಿಯಲ್ಲಿಯೂ ಇಲ್ಲದ ಗುಳಿಗೆಯೆಂದು ನಮ್ಮ ಅಭಿಪ್ರಾಯ. ಅದು ನೋವಿನ ಗುಳಿಗೆ. ಕಬ್ಬು ಕಡಿದು ಸೊಂಟ ಹಿಡಿದವರು, ಬೀಡಿ ಕಟ್ಟಿ ಕುತ್ತಿಗೆ ಹಿಡಿದ ನಿಪ್ಪಾಣಿಯ ಹೆಣ್ಣುಮಕ್ಕಳು, ಮೊಣಕಾಲು ಸವೆದ ಮುದುಕರು ಅಂಗಡಿಯಲ್ಲಿ ಕೇಳಿ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಂತಾದವನ್ನು ನಿತ್ಯ ನುಂಗುತ್ತಾರೆ. ಇವು ಉಪ್ಪನ್ನೂ ನೀರನ್ನೂ ಮೈಯಲ್ಲಿ ಹಿಡಿದಿಡುತ್ತವೆ, ಒತ್ತಡವನ್ನು ಏರಿಸುತ್ತವೆ, ಒತ್ತಡದ ಗುಳಿಗೆಯ ಗುಣವನ್ನು ತಗ್ಗಿಸುತ್ತವೆ, ಪ್ರಿಲ್ ಸಾರ್ಟಾನ್‌ಗಳೊಡನೆ ಕೂಡಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಹೃದಯ ದುರ್ಬಲವಾದವರಿಗೆ ನೋವಿದ್ದಾಗ ವೈದ್ಯರು ಸಾಮಾನ್ಯವಾಗಿ ಹೇಳುವದು ಮಿತಪ್ರಮಾಣದ ಪ್ಯಾರಾಸೆಟಮಾಲ್.

ಆಹಾರದ ಮಾತನ್ನು ಎಲ್ಲರೂ ಹೇಳುವರಾದ್ದರಿಂದ ನಾವು ಬೆಳೆಸುವದಿಲ್ಲ. ಬೆಲ್ಲವು ಸಕ್ಕರೆಯಲ್ಲವೆಂಬ ನಮ್ಮ ಸೀಮೆಯ ನಂಬಿಗೆಯು ಸುಳ್ಳು. ಬೆಲ್ಲದ ಬಹುಭಾಗವು ಸಕ್ಕರೆಯೇ. ದಿನಕ್ಕೆ ಐದು ಗ್ರಾಮು, ಅಂದರೆ ಒಂದು ಚಹದ ಚಮಚದಷ್ಟು ಉಪ್ಪಿನ ಮೇಲೆ ಹೋಗಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳಲ್ಲಿಯೇ ಅದು ಮುಗಿಯುವದುಂಟು. ತಂಬಾಕು ಬೆಳೆಯುವ ನಾಡಿನಲ್ಲಿ ಹುರಿದ ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವ ಅಜ್ಜಿಯರೂ ಅದನ್ನು ತಂಬಾಕಿನ ಚಟವೆಂದು ಎಣಿಸುವದಿಲ್ಲ. ನಡಿಗೆಯ ವಿಷಯದಲ್ಲಿ ಸುಶ್ರುತನ ವಿಧಿಯು ಬಹಳ ಕಠಿಣ: ಹಣವಿಲ್ಲದ ಪ್ರಮೇಹಿಯು ಚಪ್ಪಲಿ ಕೊಡೆಗಳಿಲ್ಲದೆ, ಭಿಕ್ಷೆಯುಂಡು, ಮುನಿಯಂತೆ ನೂರು ಯೋಜನ ನಡೆಯಬೇಕಂತೆ. ಇಂದಿನ ಮಧುಮೇಹಿಗಳು ಬರಿಗಾಲಿನಲ್ಲಿ ಮಾತ್ರ ನಡೆಯಬಾರದು; ಕಾಲಿನ ಸ್ಪರ್ಶವು ಮಂದವಾಗಿರುವದರಿಂದ ಗಾಯವಾದುದೇ ತಿಳಿಯುವದಿಲ್ಲ. ಅಥಣಿಯಂಥ ಚಪ್ಪಲಿಯ ಊರು ನಮ್ಮಲ್ಲಿಯೇ ಇರುವಾಗ ಆ ಕೊರತೆಯೂ ಇಲ್ಲ.

ಹಣದ ಮಾತು. ಡಾಪಾಗ್ಲಿಫ್ಲೋಝಿನ್ ಮೇಲಿನ ಸ್ವಾಮ್ಯದ ಹಕ್ಕು ೨೦೨೦ರಲ್ಲಿಯೂ, ಎಂಪಾಗ್ಲಿಫ್ಲೋಝಿನ್ ಮೇಲಿನದು ೨೦೨೫ರ ಮಾರ್ಚಿನಲ್ಲಿಯೂ ನಮ್ಮ ದೇಶದಲ್ಲಿ ಮುಗಿದವು. ಬಹಳ ಕಂಪನಿಗಳು ಅವನ್ನು ಮಾಡಹತ್ತಿದುದರಿಂದ, ಒಂದಕ್ಕೆ ೬೦ ರೂಪಾಯಿಯಷ್ಟಿದ್ದ ಎಂಪಾಗ್ಲಿಫ್ಲೋಝಿನ್ ಗುಳಿಗೆಯು ಹತ್ತು ರೂಪಾಯಿಯ ಆಸುಪಾಸಿಗೆ ಇಳಿದಿದೆ. ವೈದ್ಯರ ಚೀಟಿಯು ವರ್ಷದ ಹಿಂದಿನದಾಗಿದ್ದು ಬೆಲೆಗೆ ಅಂಜಿ ಬಿಟ್ಟಿದ್ದರೆ ಈಗ ಮತ್ತೆ ವಿಚಾರಿಸುವದು ಯುಕ್ತ. ಜನೌಷಧಿ ಅಂಗಡಿಗಳಲ್ಲಿ ಒತ್ತಡದ ಹಳೆಯ ಗುಳಿಗೆಗಳೂ ಅಗ್ಗ. ಮೂವತ್ತು ದಾಟಿದವರ ಸಕ್ಕರೆ ಒತ್ತಡಗಳನ್ನು ಮನೆಗೇ ಬಂದು ಪರೀಕ್ಷಿಸುವ 'ಗೃಹ ಆರೋಗ್ಯ' ಎಂಬ ಯೋಜನೆಯನ್ನು ಕರ್ನಾಟಕ ಸರಕಾರವು ೨೦೨೪ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭಿಸಿ ಬಳಿಕ ಇತರ ಜಿಲ್ಲೆಗಳಿಗೂ ಹಬ್ಬಿಸಿದೆ. ಆಶಾ ಕಾರ್ಯಕರ್ತೆಯು ಬಾಗಿಲಿಗೆ ಬಂದಾಗ ಹೊಲದ ಕೆಲಸವಿದೆಯೆಂದು ತಿರುಗಿ ಕಳಿಸುವವರಿಗೆ ಏನು ಹೇಳೋಣ!

ಕಡೆಗೆ ಹೊಳೆಯ ಮಾತೊಂದಿದೆ. ೨೦೧೯ರ ಆಗಸ್ಟಿನಲ್ಲಿಯೂ ೨೦೨೧ರ ಜುಲೈಯಲ್ಲಿಯೂ ಕೃಷ್ಣೆ ಮತ್ತು ಅದರ ಉಪನದಿಗಳು ಉಕ್ಕಿ ಬಂದಾಗ ನಮ್ಮ ತಾಲೂಕುಗಳ ದಂಡೆಯ ಊರುಗಳವರು ದನಕರುಗಳನ್ನು ಹೊಡೆದುಕೊಂಡು ಎತ್ತರದ ಶಾಲೆಗಳಿಗೆ ಬಂದರು. ರೇಶನ್ ಕಾರ್ಡು, ಹೊಲದ ಉತಾರ, ಬಂಗಾರ ಎಲ್ಲವೂ ಗಂಟಿನಲ್ಲಿದ್ದವು. ಗುಳಿಗೆಯ ಡಬ್ಬಿಯು ಗೋಡೆಯ ಮಾಡದಲ್ಲಿ ಉಳಿದಿತ್ತು. ದಂಡೆಯ ಮನೆಗಳವರು ಮಿರುಗ ಹಿಡಿದ ಕೂಡಲೆ ಒಂದು ತಿಂಗಳ ಗುಳಿಗೆಗಳನ್ನೂ ಔಷಧದ ಹೆಸರು ಬರೆದ ವಹಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಉತಾರದ ಗಂಟಿನಲ್ಲಿಯೇ ಇಟ್ಟರೆ ಸಾಕು. ಇನ್ಸುಲಿನ್ ಉಳ್ಳವರಿಗೆ ಕರೆಂಟು ಹೋಗಿ ಫ್ರಿಜ್ಜು ನಿಂತಿತೆಂಬ ಗಾಬರಿಯೂ ಬೇಡ. ಬಳಸಹತ್ತಿದ ಬಾಟಲಿಯು ಬಿಸಿಲು ಸೆಕೆ ತಾಗದಿದ್ದರೆ ನಾಲ್ಕು ವಾರ ಹೊರಗೆ ಬಾಳುತ್ತದೆ. ಅಗಲ ಬಾಯಿಯ ಮಣ್ಣಿನ ಗಡಿಗೆಯಲ್ಲಿ ಸ್ವಲ್ಪ ನೀರು ಹಾಕಿ, ಬಾಟಲಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಅದರೊಳಗೆ ತೇಲಬಿಟ್ಟು, ಒದ್ದೆ ಅರಿವೆ ಮುಚ್ಚಿ ನೆರಳಿನಲ್ಲಿಟ್ಟರಾಯಿತು.